ಕಾಲಾಳಿಗೂ ಒಂದು ಹೆಸರಿದ್ದರೆ

ಪ್ರಶ್ನೆ: ವಯಸ್ಸು ನಲವತ್ತು ದಾಟಿದೆ. ಟಿವಿಗೆ ಪಿನ್ನು ಸಿಕ್ಕಿಸಿ, ಕ್ಯಾಸೆಟ್ ಹಾಕಿ ಕಾಂಟ್ರಾ, ಮಾರಿಯೋ ಆಡಿ ಬೆಳೆದವನು. ಈಗ ಹಳೆಯ ಕನ್ಸೋಲ್‌ಗಳನ್ನು ಕೂಡಿಹಾಕುತ್ತಿದ್ದೇನೆ. ಒಂದು ಗೇಮ್‌ಬಾಯ್ ಅಡ್ವಾನ್ಸ್ ಇದೆ. ಜಪಾನಿನಲ್ಲಿರುವ ಗೆಳೆಯ ಬರುವಾಗ ಅಲ್ಲಿಯ ಹಳೇ ಪ್ಲೇಸ್ಟೇಷನ್ ತರುತ್ತೇನೆ ಎನ್ನುತ್ತಿದ್ದಾನೆ. ಚದುರಂಗ ಇಷ್ಟ, ಬೆರಳು ಮಾತ್ರ ಮೊದಲಿನಷ್ಟು ಚುರುಕಿಲ್ಲ. ಜಪಾನಿನ ಟ್ಯಾಕ್ಟಿಕಲ್ ಆರ್‌ಪಿಜಿಗಳನ್ನು ಎಲ್ಲಿಂದ ಶುರು ಮಾಡಲಿ?
— ಓದುಗರೊಬ್ಬರು, ಕಗ್ಗದಾಸಪುರ

ಉತ್ತರ: ಗೇಮ್‌ಬಾಯ್ ಅಡ್ವಾನ್ಸ್ ಇದೆಯಲ್ಲ, ಅದರಿಂದಲೇ ಶುರು ಮಾಡಿ. 2003ರಲ್ಲಿ ಬಂದ ‘ಫೈರ್ ಎಂಬ್ಲೆಮ್’ ಕ್ಯಾಸೆಟ್ ಹುಡುಕಿ. ಸರಣಿಯಲ್ಲಿ ಏಳನೆಯದಾದರೂ ಜಪಾನಿನ ಹೊರಗೆ ಇಂಗ್ಲಿಷಿನಲ್ಲಿ ಬಂದ ಮೊದಲನೆಯದು ಇದೇ. ಲಿನ್ ಎಂಬ ಹುಡುಗಿಯ ಕಥೆಯ ನೆಪದಲ್ಲಿ ಆರಂಭದ ಅಧ್ಯಾಯಗಳು ಆಟವನ್ನು ಕೈಹಿಡಿದು ಕಲಿಸುತ್ತವೆ. ಕತ್ತಿ ಕೊಡಲಿಯನ್ನು ಸೋಲಿಸುತ್ತದೆ, ಕೊಡಲಿ ಈಟಿಯನ್ನು, ಈಟಿ ಕತ್ತಿಯನ್ನು. ಈ ಒಂದು ಸುತ್ತು ಮನಸ್ಸಿನಲ್ಲಿ ಕೂತರೆ ಅರ್ಧ ಆಟ ಬಂದಂತೆ. ಬೆರಳಿನ ಚುರುಕಿನ ಚಿಂತೆ ಬೇಡ. ನಿಮ್ಮ ಸರದಿ ಬಂದ ಮೇಲೆ ನೀವು ಎಷ್ಟು ಹೊತ್ತು ಯೋಚಿಸಿದರೂ ಶತ್ರು ಕದಲುವುದಿಲ್ಲ. ಯುದ್ಧದ ನಡುವೆ ಮುಚ್ಚಿಟ್ಟು, ಆಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುವ ಸೌಕರ್ಯವೂ ಇದೆ. ಕಗ್ಗದಾಸಪುರದ ರೈಲ್ವೆ ಗೇಟಿನ ಮುಂದೆ ಆಟೋದಲ್ಲಿ ಕೂತು ಕಾಯುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ಸಿಗಲಾರದು.

ಚದುರಂಗ ಇಷ್ಟ ಅಂದಿರಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ನಡೆಸುವ ದಾರಿಗಳನ್ನು ಕಂಡುಕೊಂಡವರು. ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ಮನೆಯಾಟಗಳಿಗೇ ‘ಕೌತುಕನಿಧಿ’ ಎಂಬ ಒಂದು ಭಾಗ ಮೀಸಲಿಟ್ಟವರು. ಚೌಕಾಬಾರ, ಪಗಡೆ, ಹುಲಿ-ಕುರಿ ಆಡಿ ಬೆಳೆದ ನಾಡಿನವರಿಗೆ ಮನೆ ಎಣಿಸಿ ಕಾಯಿ ನಡೆಸುವುದನ್ನು ಜಪಾನಿನವರು ಕಲಿಸಬೇಕಿಲ್ಲ. ಅವರು ಹೊಸದಾಗಿ ಸೇರಿಸಿದ್ದು ಬೇರೆಯದೇ: ಕಾಯಿಗೆ ಹೆಸರು, ಊರು, ತಾಯಿ-ತಂಗಿ, ಹಳೆಯ ಸಿಟ್ಟು.

ಇದಕ್ಕೆ ದಾರಿ ಹಾಕಿದವರಲ್ಲಿ ಮುಖ್ಯರು ಶೋಜೋ ಕಾಗ. 1990ರ ಏಪ್ರಿಲ್‌ನಲ್ಲಿ ಫ್ಯಾಮಿಕಾಮ್ ಕನ್ಸೋಲ್‌ಗೆ ಬಂದ ಮೊದಲ ‘ಫೈರ್ ಎಂಬ್ಲೆಮ್’ ಅವರದು. ಅದರಲ್ಲಿ ಯುದ್ಧದಲ್ಲಿ ಸತ್ತವನು ಸತ್ತಂತೆಯೇ, ಮುಂದಿನ ಅಧ್ಯಾಯದಲ್ಲಿ ಎದ್ದು ಬರುವುದಿಲ್ಲ. ಚದುರಂಗದಲ್ಲಿ ಕಾಲಾಳನ್ನು ಬಲಿಕೊಟ್ಟು ಆನೆ ಉಳಿಸಿಕೊಳ್ಳುವುದು ಜಾಣತನ. ಇಲ್ಲಿ ಆ ಕಾಲಾಳು ಹಿಂದಿನ ಅಧ್ಯಾಯದಲ್ಲಿ ತನ್ನ ಊರಿನ ಬಗ್ಗೆ ನಿಮ್ಮೆದುರು ಮಾತಾಡಿರುತ್ತಾನೆ. ಹಾಗಾಗಿ ಕೈ ತಡೆಯುತ್ತದೆ. ಬಹಳ ಜನ ಒಬ್ಬ ಸತ್ತ ಕೂಡಲೇ ಆಟ ಆರಿಸಿ ಅಧ್ಯಾಯವನ್ನು ಮೊದಲಿನಿಂದ ಆಡುತ್ತಾರೆ. ದಯವಿಟ್ಟು ಮೊದಲ ಸಲ ಹಾಗೆ ಮಾಡಬೇಡಿ. ಒಬ್ಬಿಬ್ಬರನ್ನು ಕಳೆದುಕೊಂಡು ಆಟ ಮುಗಿಸಿದರೆ, ಉಳಿದವರೊಂದಿಗೆ ಬೆಳೆಯುವ ನಂಟೇ ಬೇರೆ.

ಸಾವು ಅಷ್ಟು ಕಠಿಣವಾಗಿರುವುದು ಬೇಡ ಅನ್ನಿಸಿದರೆ ಸೆಗಾ ಮೆಗಾ ಡ್ರೈವ್‌ನ ‘ಶೈನಿಂಗ್ ಫೋರ್ಸ್’ ಇದೆ. ಜಪಾನಿನಲ್ಲಿ 1992ರಲ್ಲಿ ಬಂತು, ಮರುವರ್ಷ ಅಮೆರಿಕಕ್ಕೆ. ಸತ್ತವರನ್ನು ಚರ್ಚಿನಲ್ಲಿ ದುಡ್ಡು ಕೊಟ್ಟು ಎಬ್ಬಿಸಬಹುದು. ಯುದ್ಧಗಳ ನಡುವೆ ಊರೊಳಗೆ ತಿರುಗಾಡಿ, ಜನರನ್ನು ಮಾತಾಡಿಸಿ, ಮೂಲೆಯಲ್ಲಿ ಅಡಗಿದ ಹೊಸ ಸಂಗಾತಿಯನ್ನು ಪತ್ತೆ ಮಾಡಬಹುದು. ಮನೆಯಲ್ಲಿ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ಆಡಲು ಇದೇ ಸರಿ. ಎರಡನೆಯ ಭಾಗ ಇನ್ನೂ ವಿಶಾಲ. ಹಳೆಯ ಕ್ಯಾಸೆಟ್ ಕೊಂಡರೆ ಒಂದು ವಿಷಯ ನೆನಪಿರಲಿ: ಇದರಲ್ಲಿ ಸೇವ್ ಉಳಿಯುವುದು ಒಳಗಿನ ಪುಟ್ಟ ಬ್ಯಾಟರಿಯಿಂದ. ಮೂವತ್ತು ವರ್ಷದ ಬ್ಯಾಟರಿ ಸತ್ತೇ ಇರುತ್ತದೆ ಅಂದುಕೊಳ್ಳಿ. ಬೆಸುಗೆ ಕೆಲಸ ಬಲ್ಲವರು ಎಸ್.ಪಿ. ರೋಡಿನಲ್ಲಿ ಸಿಗುತ್ತಾರೆ. ಬ್ಯಾಟರಿ ಬದಲಾಯಿಸಿಯೇ ಆಟ ಶುರು ಮಾಡಿ.

ಕಥೆಗಿಂತ ಶುದ್ಧ ಲೆಕ್ಕಾಚಾರವೇ ಬೇಕಾದರೆ ಗೇಮ್‌ಬಾಯ್ ಅಡ್ವಾನ್ಸ್‌ನ ‘ಅಡ್ವಾನ್ಸ್ ವಾರ್ಸ್’ (2001) ಚೆನ್ನಾಗಿದೆ. ಆದರೆ ಅಲ್ಲಿ ಟ್ಯಾಂಕಿಗೆ ಹೆಸರಿಲ್ಲ.

ನಿಮ್ಮನ್ನು ನಾನು ನಿಜಕ್ಕೂ ಕರೆದೊಯ್ಯಬೇಕೆಂದಿರುವುದು ಯಾಸುಮಿ ಮಾತ್ಸುನೋ ಅವರ ಎರಡು ಆಟಗಳ ಬಳಿಗೆ. 1995ರಲ್ಲಿ ಕ್ವೆಸ್ಟ್ ಕಂಪನಿಯಲ್ಲಿದ್ದಾಗ ಅವರು ಸೂಪರ್ ಫ್ಯಾಮಿಕಾಮ್‌ಗೆ ಮಾಡಿದ್ದು ‘ಟ್ಯಾಕ್ಟಿಕ್ಸ್ ಓಗರ್’. ಆಗ ಯುಗೊಸ್ಲಾವಿಯಾ ಒಡೆದು ನೆರೆಹೊರೆಯವರೇ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. ಅದರ ನೆರಳು ಈ ಕಥೆಯ ಮೇಲೆ ದಟ್ಟವಾಗಿದೆ. ಒಂದೇ ದ್ವೀಪಸಮೂಹ, ಅಲ್ಲಿ ಮೂರು ಜನಾಂಗ. ಮೊದಲ ಅಧ್ಯಾಯದ ಕೊನೆಗೆ ನಿಮ್ಮ ಕಡೆಯ ಹಿರಿಯರೇ ನಿಮಗೊಂದು ಆಜ್ಞೆ ಕೊಡುತ್ತಾರೆ. ಏನೆಂದು ಹೇಳಲಾರೆ. ಹೂಂ ಅಂದರೆ ಕಥೆ ಒಂದು ದಾರಿ, ಊಹೂಂ ಅಂದರೆ ಇನ್ನೊಂದು. ಎರಡರಲ್ಲಿ ಯಾವುದೂ ನಿಮ್ಮನ್ನು ನೆಮ್ಮದಿಯಾಗಿ ಮಲಗಲು ಬಿಡುವುದಿಲ್ಲ.

ಆಮೇಲೆ ಮಾತ್ಸುನೋ ಸ್ಕ್ವೇರ್ ಸೇರಿದರು. 1997ರಲ್ಲಿ ಪ್ಲೇಸ್ಟೇಷನ್‌ಗೆ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಬಂತು. ಹಿತೋಶಿ ಸಾಕಿಮೋತೋ ಮತ್ತು ಮಸಾಹರು ಇವಾತಾ ಅವರ ಸಂಗೀತ, ಅಕಿಹಿಕೋ ಯೋಶಿದಾ ಅವರ ಪಾತ್ರಚಿತ್ರಗಳು ಎರಡೂ ಆಟಗಳಲ್ಲಿವೆ. ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ನ ನೆಲ ಸಪಾಟಲ್ಲ. ದಿಬ್ಬ, ಚಾವಣಿ, ಮೆಟ್ಟಿಲು ಇವೆ. ಎತ್ತರದಲ್ಲಿ ನಿಂತವನಿಗೆ ಬಾಣ ಹೊಡೆಯಲು ಅನುಕೂಲ, ಬೆನ್ನ ಹಿಂದಿನಿಂದ ಹೊಡೆದರೆ ಏಟು ತಪ್ಪುವುದು ಕಡಿಮೆ. ದೊಡ್ಡ ಮಂತ್ರಕ್ಕೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಶತ್ರು ಜಾಗ ಬಿಟ್ಟಿರಲೂಬಹುದು. ಒಬ್ಬನೇ ಮನುಷ್ಯ ಮೊದಲು ಯೋಧ, ಆಮೇಲೆ ಮಾಂತ್ರಿಕ, ಆಮೇಲೆ ನಿಂಜಾ ಆಗಿ, ಕಲಿತದ್ದನ್ನೆಲ್ಲ ಬೆರೆಸಿಕೊಂಡು ಹೋರಾಡಬಹುದು. ಎಲ್ಲಕ್ಕೂ ಮಿಗಿಲಾದದ್ದು ರಾಮ್ಜಾ ಮತ್ತು ಡೆಲಿಟಾ ಎಂಬ ಇಬ್ಬರು ಗೆಳೆಯರ ಕಥೆ. ಒಬ್ಬ ದೊಡ್ಡ ಮನೆತನದ ಮಗ, ಇನ್ನೊಬ್ಬ ಅದೇ ಮನೆಯಲ್ಲಿ ಬೆಳೆದ ಬಡವರ ಹುಡುಗ. ಒಂದೇ ಸೂರಿನಡಿ ಬೆಳೆದರೂ ಹುಟ್ಟು ಅವರನ್ನು ಹೇಗೆ ಬೇರೆ ಮಾಡುತ್ತದೆ ಎಂಬುದನ್ನು ಈ ಆಟದಷ್ಟು ನೇರವಾಗಿ ಹೇಳಿದ ವಿಡಿಯೋ ಗೇಮ್ ನನಗೆ ಗೊತ್ತಿರುವುದರಲ್ಲಿ ಮತ್ತೊಂದಿಲ್ಲ. ಮೇಲು-ಕೀಳಿನ ಲೆಕ್ಕ ಬಲ್ಲ ನಮ್ಮ ಓದುಗರಿಗೆ ಇದು ದೂರದ ಯೂರೋಪಿನ ಕಥೆ ಅನ್ನಿಸುವುದಿಲ್ಲ.

ಈ ಆಟ ಆಡುವಾಗ ಒಂದೇ ಸೇವ್ ಇಟ್ಟುಕೊಳ್ಳಬೇಡಿ. ಮೂರನೇ ಅಧ್ಯಾಯದ ಕೊನೆಯಲ್ಲಿ ರಿಯೋವಾನೆಸ್ ಕೋಟೆಯಲ್ಲಿ ಯುದ್ಧಗಳು ಒಂದರ ಬೆನ್ನಿಗೊಂದು ಬರುತ್ತವೆ. ನಡುವೆ ಸೇವ್ ಮಾಡಲು ಅವಕಾಶವಿದೆ, ಹಿಂದಿರುಗಿ ಬಲ ಹೆಚ್ಚಿಸಿಕೊಳ್ಳಲು ಇಲ್ಲ. ಒಳಗೆ ರಾಮ್ಜಾ ಮೊದಲು ಒಬ್ಬನೇ ಕಾದಾಡಬೇಕು. ತಯಾರಿಲ್ಲದೆ ಅಲ್ಲಿ ಸೇವ್ ಮಾಡಿಕೊಂಡು, ಅದುವರೆಗೆ ಆಡಿದ್ದನ್ನೆಲ್ಲ ಕಳೆದುಕೊಂಡವರು ಲೋಕದಲ್ಲೆಲ್ಲ ಇದ್ದಾರೆ. ಕೋಟೆಗೆ ಮುಂಚಿನದೊಂದು ಸೇವ್ ಬೇರೆ ಇರಲಿ.

ಇನ್ನು ಗೆಳೆಯರ ಪ್ಲೇಸ್ಟೇಷನ್. ಬೇಡ ಎಂದುಬಿಡಿ. ಜಪಾನಿನ ಆ ಯಂತ್ರ 100 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಕೊಂಡು ಬಚಾವಾದರೂ ಅದು ಜಪಾನಿನ ಡಿಸ್ಕ್‌ಗಳನ್ನಷ್ಟೇ ಓದುತ್ತದೆ, ಅವುಗಳಲ್ಲಿ ಮಾತುಕತೆಯೆಲ್ಲ ಜಪಾನೀ ಭಾಷೆಯಲ್ಲಿ. ಬದಲಿಗೆ ಹಳೆಯ ಪಿಎಸ್‌ಪಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್, ತರಲು ಹೇಳಿ. ಅದರ ಆಟದ ಡಿಸ್ಕ್‌ಗಳಿಗೆ ದೇಶದ ಬೀಗವಿಲ್ಲ, ಚಾರ್ಜರ್ 100ರಿಂದ 240 ವೋಲ್ಟಿನವರೆಗೂ ನಡೆಯುತ್ತದೆ. ಮಾತ್ಸುನೋ ಅವರ ಎರಡೂ ಆಟಗಳು ಅದರಲ್ಲಿ ಒಳ್ಳೆಯ ಇಂಗ್ಲಿಷಿನಲ್ಲಿವೆ: ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್: ದಿ ವಾರ್ ಆಫ್ ದಿ ಲಯನ್ಸ್’ (2007) ಮತ್ತು ತಿದ್ದಿ ಕಟ್ಟಿದ ‘ಟ್ಯಾಕ್ಟಿಕ್ಸ್ ಓಗರ್’ (2011). ಮೊದಲನೆಯದು ಮಂತ್ರ ಹಾಕುವಾಗ ಸ್ವಲ್ಪ ನಿಧಾನವಾಗುತ್ತದೆ, ಸಹಿಸಿಕೊಳ್ಳಿ. ಎರಡನೆಯದರಲ್ಲಿ ಕಥೆ ಮುಗಿಸಿದ ಮೇಲೆ ಹಿಂದಿನ ಕವಲುಗಳಿಗೆ ಮರಳಿ, ಆರಿಸದೆ ಬಿಟ್ಟ ದಾರಿಯನ್ನೂ ನಡೆದು ನೋಡಬಹುದು. ಕೊಳ್ಳುವ ಮುಂಚೆ ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ಎಂದು ನೋಡಲು ಗೆಳೆಯರಿಗೆ ತಿಳಿಸಿ. ಹಳೆಯ ಪಿಎಸ್‌ಪಿಗಳಲ್ಲಿ ಇದು ಸಾಮಾನ್ಯ. ಉಬ್ಬಿದ್ದರೆ ಅದನ್ನು ವಿಮಾನದಲ್ಲಿ ತರುವುದು ಬೇಡ. ಯಂತ್ರ ಮಾತ್ರ ಬರಲಿ, ಹೊಸ ಬ್ಯಾಟರಿ ಇಲ್ಲೇ ಹಾಕಿಸಿ.