ತೋಟದ ಮನೆಗೆ ಸರಳ ಒಳಾಂಗಣ

ಪ್ರಶ್ನೆ: ತೀರ್ಥಹಳ್ಳಿಯ ಸಮೀಪ ಜಂಬಿಟ್ಟಿಗೆಯ ಹೊಸ ಮನೆ ಕಟ್ಟಿಸಿದ್ದೇವೆ. ಒಳಾಂಗಣ ಬಿಳಿಯಾಗಿ, ಸರಳವಾಗಿ ಇರಬೇಕೆಂಬ ಆಸೆ. ಮಳೆಗಾಲದ ತೇವ, ಅತ್ತೆಯವರ ರಾಶಿ ಪಾತ್ರೆಗಳು ಚಿಂತೆಯಾಗಿವೆ.

ಉತ್ತರ: ಮಾನ್ಯ ಸೋದರಿಯವರೇ, ಮೊದಲು ಸಂಗ್ರಹದ ವ್ಯವಸ್ಥೆಯನ್ನೇ ನಿಶ್ಚಯಿಸಿಕೊಳ್ಳಿರಿ. ಅತ್ತೆಯವರೊಡನೆ ಕುಳಿತು, ನಿತ್ಯೋಪಯೋಗದ ಪಾತ್ರೆಗಳನ್ನು ಅಡುಗೆಮನೆಯಲ್ಲಿಯೂ, ಹಬ್ಬಹರಿದಿನಗಳಿಗೆ ಮಾತ್ರ ಬೇಕಾಗುವ ಹಂಡೆ ಕೊಪ್ಪರಿಗೆಗಳನ್ನು ಉಗ್ರಾಣದಲ್ಲಿಯೂ ಇರಿಸುವಂತೆ ವಿಂಗಡಿಸಿದಲ್ಲಿ, ನಡುಮನೆಯು ತಾನಾಗಿಯೇ ತೆರವಾಗುವುದು. ಅವರ ಸಮ್ಮತಿಯಿಲ್ಲದೆ ಒಂದು ಚೊಂಬನ್ನೂ ಹೊರಹಾಕುವುದು ಉಚಿತವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಳುಪಿಗೆ ಸುಣ್ಣವೇ ಶ್ರೇಷ್ಠ. ತನ್ನ ಕ್ಷಾರಗುಣದಿಂದ ಬೂಷ್ಟನ್ನು ತಡೆದು, ಗೋಡೆಯೊಳಗಣ ತೇವವನ್ನು ಹೊರಗೆ ಬಿಡುವ ಈ ಲೇಪವು, ಗುಳ್ಳೆಯೆದ್ದು ಕಳಚುವ ಪ್ಲಾಸ್ಟಿಕ್ ಪೇಂಟಿಗಿಂತ ಮಲೆನಾಡಿಗೆ ಒಗ್ಗುವಂಥದು. ಆಗಾಗ ಮತ್ತೆ ಬಳಿಯಬೇಕಾಗುವುದೊಂದೇ ಅದರ ಶ್ರಮ. ನೆಲಕ್ಕೆ ರೆಡ್ ಆಕ್ಸೈಡ್ ಸಾಕು. ಕಪಾಟುಗಳನ್ನು ಗೋಡೆಯಿಂದ 2 ಅಂಗುಲ ದೂರದಲ್ಲಿ, 4 ಅಂಗುಲದ ಕಾಲುಗಳ ಮೇಲೆ ನಿಲ್ಲಿಸಿರಿ; ಪ್ಲೈವುಡ್ ಬಳಸುವುದಾದರೆ ಐಎಸ್ 710 ಗುರುತಿನದನ್ನೇ ಕೇಳಿರಿ. ಗೋಡೆ ಕೊರೆದು ಗೂಡು ಮಾಡಿಸುವ ಇಚ್ಛೆಯಿದ್ದರೆ, ಅಥವಾ ಬುಡದಿಂದ ತೇವವು ಮೇಲಕ್ಕೇರುತ್ತಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರರಿಗೆ ತೋರಿಸದೆ ಕೆಲಸಕ್ಕೆ ತೊಡಗಕೂಡದು.