ಮೊದಲ ಹಾಲು ಕೊನೆಗೆ

ಬೆಳ್ಳಾರೆ, ಸುಳ್ಯ ತಾಲೂಕು

ಮಾಣಿ,

ನಿನ್ನ ರೂಮಿನ ಜಾಂಜಿಬಾರ್ ಹುಡುಗ ಬರೆದುಕೊಟ್ಟ ‘ವಾಲಿ ವಾ ನಾಜಿ’ಯ ಚೀಟಿ ನೋಡಿದೆ. ತೆಂಗಿನ ಹಾಲಲ್ಲಿ ಬೇಯಿಸಿದ ಅನ್ನ, ಉಪ್ಪು, ಅಷ್ಟೇ. ಚಕ್ಕೆ, ಲವಂಗ, ಗೋಡಂಬಿ ಯಾವಾಗ ಹಾಕುವುದು ಅಂತ ಕೇಳಿದ್ದಿ. ಹಾಕಲೇಬೇಡ ಮಾರಾಯ. ಮಸಾಲೆ ಬೇಕಾದಾಗ ಅವರಿಗೆ ಪಿಲಾವು ಬೇರೆಯೇ ಉಂಟು. ಒಗ್ಗರಣೆ ಕೊಟ್ಟೆಯೋ, ಕಾಯಿ ಚಿತ್ರಾನ್ನ ಆದೀತು.

ಒಂದು ದೊಡ್ಡ ಬೆಳೆದ ಕಾಯಿ ಹೆರೆ. ಬನ್ನಂಗಾಯಿ ಆಗದು, ಹಾಲು ಹೊರಡುವುದಿಲ್ಲ. ಉಗುರುಬೆಚ್ಚಗಿನ ನೀರು ಸ್ವಲ್ಪವೇ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ಬಟ್ಟೆಯಲ್ಲಿ ಹಿಂಡಿ ಒಂದು ಕುಡ್ತೆ ದಪ್ಪ ಹಾಲು ತೆಗೆದಿಡು. ಉಳಿದದ್ದಕ್ಕೆ ನೀರೆರೆದು ಮತ್ತೆ ಹಿಂಡಿ ಮೂರು ಕುಡ್ತೆ ನೀರುಹಾಲು ಮಾಡಿಕೋ. ಎರಡು ಕುಡ್ತೆ ಬೆಳ್ತಿಗೆ ಅಕ್ಕಿಗೆ ಇಷ್ಟು ಸಾಕು. ಕುಚ್ಚಲು ಬೇಡ, ಅದು ಬೇಯುವಷ್ಟು ಹೊತ್ತು ಹಾಲು ತಾಳದು. ಅಕ್ಕಿ ನೀರುಹಾಲಿನಲ್ಲೇ ಮುಕ್ಕಾಲು ಬೆಂದು, ಹಾಲು ಇಂಗುತ್ತ ಬಂದಾಗ ದಪ್ಪ ಹಾಲು ಎರೆದು, ಒಮ್ಮೆ ಮಗುಚಿ, ಮುಚ್ಚಿ, ಉರಿ ತೀರಾ ಸಣ್ಣ ಮಾಡು. ದಪ್ಪ ಹಾಲನ್ನು ಮೊದಲೇ ಸುರಿದು ಕೊತಕೊತ ಕುದಿಸಿದರೆ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ, ತಳವೂ ಹಿಡಿಯುತ್ತದೆ. ಪಾಯಸಕ್ಕೆ ಮೊದಲ ಹಾಲನ್ನು ಕೊನೆಗೆ ಎರೆದು ಇಳಿಸುವುದೂ ಇದಕ್ಕೇ. ಪಾಯಸ ಬಂದವನಿಗೆ ಈ ಅನ್ನ ಬಾರದೆ ಇದ್ದೀತೇ?

ಕುಕ್ಕರ್ ಮುಟ್ಟಬೇಡ. ಜಾಂಜಿಬಾರಿನಲ್ಲಿ ಇದ್ದಿಲ ಒಲೆಯಲ್ಲಿ ಮಾಡುವವರು ಮುಚ್ಚಳದ ಮೇಲೂ ಕೆಂಡ ಇಡುತ್ತಾರೆ, ಮೇಲಿನ ಅನ್ನವೂ ಅರಳಲಿ ಅಂತ. ತಳದಲ್ಲಿ ಕೆಂಪಗೆ ಹತ್ತಿದ್ದಕ್ಕೆ ಅವರಲ್ಲಿ ಬೇಡಿಕೆ ಜಾಸ್ತಿ. ನೀನೂ ಅದಕ್ಕೆ ನೀರು ಹೊಯ್ಯಬೇಡ, ಎಬ್ಬಿಸಿ ತಿನ್ನು.

ಚೀಟಿಯಲ್ಲಿದ್ದ ‘ಮ್ಚಿಚಾ’ ನಮ್ಮ ಹರಿವೆಯ ಜಾತಿಯ ಸೊಪ್ಪೇ. ಅದನ್ನೂ ತೆಂಗಿನ ಹಾಲಲ್ಲಿ ಬೇಯಿಸುತ್ತಾರೆ. ಎರಡಕ್ಕೂ ಹಾಲಾದರೆ ನನ್ನ ಹೊಟ್ಟೆಗೆ ಭಾರ. ನಿನ್ನ ವಯಸ್ಸಿಗೆ ನಡೆದೀತು, ಒಂದು ಮಿಡಿ ಉಪ್ಪಿನಕಾಯಿ ಜೊತೆಗಿರಲಿ. ರಾತ್ರಿಗೆ ಮಾತ್ರ ಉಳಿಸಬೇಡ, ಬೇಗ ಹಳಸುತ್ತದೆ.

ರಜೆಯಲ್ಲಿ ಆ ಹುಡುಗನನ್ನೂ ಕರೆದುಕೊಂಡು ಬಾ. ರೈಲಿನಲ್ಲಿ ಬಂದರೆ ಸುಬ್ರಹ್ಮಣ್ಯ ರೋಡಿನಲ್ಲಿ, ನಮ್ಮ ನೆಟ್ಟಣದಲ್ಲಿ ಇಳಿಯಿರಿ. ಅಲ್ಲೇ ಕಡಬ ತಾಲೂಕಿನ ಕಿದುವಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರ ತೋಟ ಉಂಟು. ದಕ್ಷಿಣ ಏಷ್ಯಾಕ್ಕೆಲ್ಲ ಸೇರಿದ ಅಂತಾರಾಷ್ಟ್ರೀಯ ತೆಂಗು ತಳಿ ಭಂಡಾರ ಅದು. ಹಿಂದೂ ಮಹಾಸಾಗರದ ದ್ವೀಪಗಳಿಂದ ತಂದ ತಳಿಗಳೂ ಅಲ್ಲಿವೆ. ಲೋಕದ ತೆಂಗಿಗೆ ಎರಡು ಮೂಲ, ಒಂದು ಪೆಸಿಫಿಕ್ ಕಡೆಯದು, ಇನ್ನೊಂದು ನಮ್ಮ ಕಡಲಿನದು ಅಂತ 2011ರ ಡಿಎನ್‌ಎ ಅಧ್ಯಯನ ಹೇಳಿತ್ತು. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಎರಡೂ ಬೆರೆತಿವೆಯಂತೆ. ಹಾಗಾಗಿ ಆ ಹುಡುಗ ನಮಗೆ ತೀರಾ ಹೊರಗಿನವನಲ್ಲ. ಅವರಲ್ಲೂ ಕೂತು ಹೆರೆಯುವ ಹೆರೆಮಣೆಯೇ, ಆದರೆ ಮಡಚಿಡುವಂಥದ್ದು. ಅಂಥದೊಂದು ನನಗೂ ಸಿಕ್ಕೀತೋ ಕೇಳು, ಸೊಂಟ ನೋವಿದ್ದರೂ ಹೆರೆಯುವ ಚಪಲ ಹೋಗಿಲ್ಲ.

ನಾಳಿನ ಬಸ್ಸಿಗೆ ಸುಲಿದ ಕಾಯಿ ಹಾಕುತ್ತೇನೆ. ಒಡೆಯುವವರೆಗೆ ಜುಟ್ಟು ತೆಗೆಯಬೇಡ, ಕಣ್ಣಿನಿಂದಲೇ ಕೆಡಲು ಸುರು.

ದೊಡ್ಡಮ್ಮ