ರಜೆಯ ಊರಿನಲ್ಲಿ ಹಾಕಿದ ಸಹಿ

ಮಾಲೂರು ತಾಲ್ಲೂಕಿನ ನಮ್ಮ ಶಿವಾರಪಟ್ಟಣದಲ್ಲಿ ವಿಗ್ರಹ ಮಾಡಿಸಲು ಬಂದವರು ಅಳತೆಯನ್ನು ನಿಶ್ಚಯಿಸಿ, ಶಿಲೆಯನ್ನು ಸುತ್ತಿಗೆಯಿಂದ ತಟ್ಟಿಸಿ ಅದರ ನಾದವನ್ನು ಕೇಳಿ, ಊರಿಗೆ ಮರಳಿ ಹಿರಿಯರೊಡನೆ ಸಮಾಲೋಚಿಸಿದ ಬಳಿಕ ಮುಂಗಡ ಕೊಡುವುದನ್ನು ನಾನು ಬಾಲ್ಯದಿಂದಲೂ ಕಂಡಿದ್ದೇನೆ. ಆ ವೃತ್ತಿಯಲ್ಲಿಯೇ ತಲೆ ನರೆತ ನನ್ನ ಅಣ್ಣ, ಮಡಿಕೇರಿಗೆ ವಿಹಾರಾರ್ಥವಾಗಿ ಹೋಗಿದ್ದಾಗ, ಒಂದು ಮಧ್ಯಾಹ್ನದ ಮಾತಿಗೆ ಮಣಿದು ನಾಲ್ಕು ಲಕ್ಷ ರೂಪಾಯಿಯ ರಜಾ ಸದಸ್ಯತ್ವಕ್ಕೆ ಸಹಿ ಹಾಕಿದುದನ್ನು ಪಕ್ಕದಲ್ಲಿ ಕುಳಿತೇ ನೋಡಿದೆನು.

ರಾಜಾಸೀಟಿನಿಂದ ಇಳಿದು ಬರುವಾಗ ತರುಣನೊಬ್ಬ ಕೈಗಿತ್ತ ಸ್ಕ್ರ್ಯಾಚ್ ಕಾರ್ಡಿನಲ್ಲಿ ಬಹುಮಾನ ಬಂದಿತ್ತು. ಅದನ್ನು ಪಡೆಯಲು ದಂಪತಿಗಳಿಬ್ಬರೂ ರೆಸಾರ್ಟಿನ ಊಟಕ್ಕೆ ಬರಬೇಕೆಂಬುದು ಷರತ್ತು. ‘ಮನೆಯವರನ್ನು ಕೇಳಿ ಹೇಳುತ್ತೇನೆ’ ಎಂದು ಎದ್ದುಬರುವ ದಾರಿಯನ್ನು ಆ ಷರತ್ತೇ ಮುಚ್ಚಿಬಿಡುತ್ತದೆ. ಅತ್ತಿಗೆಗೆ ಜಾಮೂನು ಬಡಿಸಿದ ಹುಡುಗ ಸರಿದೊಡನೆ ಮ್ಯಾನೇಜರು ಬಂದು, ಆರು ಲಕ್ಷವೆಂಬ ಅಂಕಿಯನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿ ಕೆಳಗೆ ನಾಲ್ಕು ಲಕ್ಷವೆಂದು ಬರೆದು, ‘ಈ ರೇಟು ಇವತ್ತೊಂದೇ ದಿನ ಸಾರ್’ ಎನ್ನುತ್ತ ಸ್ವೈಪಿಂಗ್ ಮೆಷಿನನ್ನು ಮುಂದಿರಿಸಿದರು. ಉಂಡ ಅನ್ನದ ದಾಕ್ಷಿಣ್ಯ ಉಳಿದ ಕೆಲಸವನ್ನು ಪೂರೈಸಿತು.

ಆ ಮೇಜಿನ ಮೇಲೆ ಯಾರೂ ಹಾಕದ ಲೆಕ್ಕವನ್ನು ಈಗ ಹಾಕೋಣ. ಸದಸ್ಯತ್ವದ ಅವಧಿ 25 ವರ್ಷ. ವರ್ಷಕ್ಕೆ 7 ರಾತ್ರಿಯ ವಾಸ. ವಾರ್ಷಿಕ ನಿರ್ವಹಣಾ ಶುಲ್ಕ, ಅಂದರೆ ಎಎಂಸಿ, 18,000 ರೂಪಾಯಿ. ಅದೇ ನಾಲ್ಕು ಲಕ್ಷವನ್ನು ಶೇ. 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 28,000 ಬಡ್ಡಿ ಬರುತ್ತಿತ್ತು. ಕೈಬಿಟ್ಟ ಬಡ್ಡಿಗೆ ಎಎಂಸಿಯನ್ನು ಕೂಡಿಸಿದರೆ 46,000. ಏಳರಿಂದ ಭಾಗಿಸಿದರೆ ರಾತ್ರಿಯೊಂದಕ್ಕೆ 6,571 ರೂಪಾಯಿ. ಊಟ, ಪ್ರಯಾಣ ಬೇರೆ. ಪ್ರತಿಷ್ಠಾಪನೆಯ ಮುಹೂರ್ತಗಳ ನಡುವೆ ಬಿಡುವು ಹುಡುಕುವ ಶಿಲ್ಪಿ ನಾಲ್ಕೇ ರಾತ್ರಿ ತಂಗಿದನೆಂದರೆ ಅದು 11,500. ಎಎಂಸಿ ವರ್ಷಂಪ್ರತಿ ಶೇ. 5ರಷ್ಟು ಏರಿದರೆ 15ನೆಯ ವರ್ಷಕ್ಕೆ 35,600 ದಾಟುತ್ತದೆ. ಎಫ್‌ಡಿಯ ಅಸಲು ಕೊನೆಗೆ ಕೈಸೇರುತ್ತದೆ. ಸದಸ್ಯತ್ವದ ಅಸಲು ಮರಳುವುದಿಲ್ಲ. ಇದನ್ನು ಹೂಡಿಕೆಯೆಂದು ಮಾರುವವರ ಮಾತನ್ನು ಕೇಳುವ ಸಹನೆ ನನಗಿಲ್ಲ. ತಿಂಗಳಿಗೆ ಎರಡು ಸಾವಿರದ ಆರ್‌ಡಿ ಕಟ್ಟಿ, ಇಷ್ಟ ಬಂದ ಊರಿನಲ್ಲಿ ಇಷ್ಟ ಬಂದಷ್ಟು ದಿನ ಇದ್ದು ಬರಬಹುದು.

ಸಹಿ ಹಾಕಿದ ಮೇಲೆ ಬೇಡವೆನಿಸಿದರೆ ಹಿಂದಿರುಗಿಸಲು ಜೀವವಿಮಾ ಪಾಲಿಸಿಗೆ 30 ದಿನಗಳ ಫ್ರೀ ಲುಕ್ ಅವಧಿಯುಂಟು. ಯುರೋಪಿನ ಒಕ್ಕೂಟವು 2008ರ ನಿರ್ದೇಶನದ ಮೂಲಕ ಇಂತಹ ಸದಸ್ಯತ್ವಗಳಿಂದ 14 ದಿನದೊಳಗೆ ಹಿಂದೆ ಸರಿಯುವ ಹಕ್ಕನ್ನು ಕೊಟ್ಟಿದೆ. ನಾವು ಮಾತ್ರ ಕರಾರುಪತ್ರದ ರದ್ದತಿ ಷರತ್ತನ್ನೇ ನೆಚ್ಚಬೇಕು; ಆದ್ದರಿಂದ ಅದನ್ನು ಸಹಿಗೆ ಮೊದಲೇ ಓದಬೇಕು.

ರಜೆಗೆ ಹೊರಡುವವರು ಖರ್ಚಿನ ಮಿತಿಯನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಳ್ಳಲಿ. ಪುಕ್ಕಟೆ ಊಟಕ್ಕೆ ಒಪ್ಪದಿರಲಿ. ಒಪ್ಪಿ ಕುಳಿತರೂ, ಕಾರ್ಡು ಕೇಳಿದ ಕ್ಷಣದಲ್ಲಿ, ಎಲೆ ಅರ್ಧವಾಗಿದ್ದರೂ ಏಳುವ ಧೈರ್ಯವನ್ನು ಅಭ್ಯಾಸ ಮಾಡಿಕೊಳ್ಳಲಿ. ಬಾಯಿಮಾತಿನ ಭರವಸೆ ಪ್ರತಿಯೊಂದನ್ನೂ ಬರಹದಲ್ಲಿ ಕೇಳಿ ಪಡೆಯಲಿ. ಈಗಾಗಲೇ ಹಣ ಕೊಟ್ಟು ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಲು ಎರಡು ವರ್ಷ ಕಾಲಾವಕಾಶವಿದೆ, ಸಂಕೋಚದಲ್ಲಿ ಅದನ್ನು ಕಳೆಯಬೇಡಿ.